ಚಪ್ಪಾಳೆ ತಟ್ಟಿ ಕಲಿಸಿದ ಎಂಆರ್‌ಐ

ಸೂಜಿಕಾಂತ, ಎಂದರೆ ದಿಕ್ಸೂಚಿಯ ಮುಳ್ಳು ಇಟ್ಟುಕೊಂಡು ಎಂಆರ್‌ಐ ಸ್ಕ್ಯಾನಿನ ಪಾಠ ಮಾಡುತ್ತೇನೆ ಎಂದಾಗ ನಮ್ಮ ವಿಭಾಗದ ಹಿರಿಯ ವೈದ್ಯರು, "ಇದೇನು ಐದನೇ ಕ್ಲಾಸಿನ ವಿಜ್ಞಾನ ಮೇಳವೇ ಮಾಷ್ಟ್ರೇ?" ಎಂದು ನಕ್ಕಿದ್ದರು. ಈ ಸಲದ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಸ್ಲೈಸ್ ಸೆಲೆಕ್ಷನ್, ಎಂದರೆ ಮೈಯ ಒಂದೇ ಪದರವನ್ನು ಆರಿಸಿ ಚಿತ್ರ ತೆಗೆಯುವುದು ಹೇಗೆಂದು ಕೇಳಿದಾಗ ಹದಿನೆಂಟು ವಿದ್ಯಾರ್ಥಿಗಳಲ್ಲಿ ನಾಲ್ಕೈದು ಮಂದಿಯನ್ನು ಬಿಟ್ಟು ಉಳಿದವರೆಲ್ಲ ತಡವರಿಸದೆ ಹೇಳಿದರು. ಮರುದಿನ ಅದೇ ವೈದ್ಯರು, "ಆ ಸೂಜಿಕಾಂತದ ಪೆಟ್ಟಿಗೆ ಒಮ್ಮೆ ತೋರಿಸಿ" ಎಂದರು.

ನಮ್ಮಲ್ಲಿಗೆ ಕಲಿಯಲು ಬರುವವರು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಮಕ್ಕಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಈಗ ಪಾಠ ಇಂಗ್ಲಿಷಿನಲ್ಲಿ, ರೋಗಿಯೊಡನೆ ಮಾತು ಮಲಯಾಳದಲ್ಲಿ, ತಮಾಷೆ ತುಳುವಿನಲ್ಲಿ. ಕಾಂತಕ್ಷೇತ್ರದ ಬಲ ಒಂದು ಟೆಸ್ಲಾ ಇದ್ದರೆ ಮೈಯ ನೀರಿನ ಪ್ರೋಟಾನುಗಳ ಕಂಪನಾಂಕ 42.58 ಮೆಗಾಹರ್ಟ್ಸ್, ಒಂದೂವರೆಗೆ ಸುಮಾರು 64 ಎಂದು ಮಗ್ಗಿಯಂತೆ ಒಪ್ಪಿಸುತ್ತಾರೆ. ಅವನ್ನು ಅಲುಗಿಸಲು ಕೊಡುವ ರೇಡಿಯೋ ಸಂಕೇತಕ್ಕೂ ಅದೇ ಕಂಪನಾಂಕ ಏಕೆ ಬೇಕು ಎಂದರೆ ಮೌನ.

ಮೊದಲು ಸೈಕಲ್ ಚಕ್ರ ತಂದೆ. ಬೇರಿಂಗು, ಹಿಡಿ, ಬೆಸುಗೆ ಸೇರಿ ಸಾವಿರದ ಎಂಟುನೂರು ಹೋಯಿತು. ಪ್ರೋಟಾನಿನ ಬುಗುರಿಯಂಥ ಓಲಾಟ ಎಲ್ಲರಿಗೂ ಅರ್ಥವಾಯಿತು, ಜೊತೆಗೆ ಒಂದು ತಪ್ಪೂ ತಲೆಗೆ ಹೊಕ್ಕಿತು: ಆ ರೇಡಿಯೋ ಸಂಕೇತ, ಆರ್‌ಎಫ್ ಪಲ್ಸ್ ಎಂದರೆ ಒಂದೇ ಏಟಿಗೆ ಕೆಡವುವ ಪೆಟ್ಟು ಎಂದು. ಅದು ಪೆಟ್ಟಲ್ಲ, ಉಯ್ಯಾಲೆ ತೂಗುವ ಕೈ. ಆಮೇಲೆ ಪ್ರಯೋಗಾಲಯದ ಸಾಮಾನು ಮಾರುವವರಿಂದ ಸಿದ್ಧ ತಂತಿ ಸುರುಳಿಗಳನ್ನು ತರಿಸಿ ಆರು ಸಾವಿರ ಚಿಲ್ಲರೆ ಕಳೆದುಕೊಂಡೆ. ಅವು ಈಗಲೂ ಕಪಾಟಿನಲ್ಲಿವೆ.

ಕೊನೆಗೆ ಅಡಿಕೆ ತೋಟದ ಪಂಪು ರಿವೈಂಡಿಂಗ್ ಮಾಡುವ ಅಂಗಡಿಗೆ ಹೋಗಿ 28ನೇ ಗೇಜಿನ ತಾಮ್ರದ ತಂತಿ ಕಾಲು ಕಿಲೋ ಕೇಳಿದೆ. "ಪಂಪಿಗೋ ಫ್ಯಾನಿಗೋ ಮಾಷ್ಟ್ರೇ?" "ಪಾಠಕ್ಕೆ." ಆತ ಒಂದು ಕ್ಷಣ ನನ್ನನ್ನೇ ನೋಡಿ, ತೂಕದಲ್ಲಿ ಸ್ವಲ್ಪ ಹೆಚ್ಚೇ ಕೊಟ್ಟ. ಗುಜರಿಯಿಂದ ಒಡೆದ ಸ್ಪೀಕರಿನ ಆಯಸ್ಕಾಂತ, ಮೂರು ಶಾಲಾ ದಿಕ್ಸೂಚಿ. ಎಲ್ಲ ಸೇರಿ ಒಂಬೈನೂರು ದಾಟಲಿಲ್ಲ.

ಸುರುಳಿಗೆ ಸುಮಾರು ಮುನ್ನೂರು ಸುತ್ತು ಹಾಕಿ, ಅದರ ಕ್ಷೇತ್ರ ಆಯಸ್ಕಾಂತದ ಕ್ಷೇತ್ರಕ್ಕೆ ಅಡ್ಡವಾಗುವಂತೆ ಇಟ್ಟು, ನಡುವೆ ದಿಕ್ಸೂಚಿ ಇರಿಸಿ ಬ್ಯಾಟರಿ ಶೆಲ್ ಜೋಡಿಸಿದೆ. ಆಯಸ್ಕಾಂತವೇ ಎಂಆರ್‌ಐಯ ಮುಖ್ಯ ಕ್ಷೇತ್ರ, ಸುರುಳಿಯೇ ಆರ್‌ಎಫ್ ಪಲ್ಸ್, ಮುಳ್ಳೇ ಪ್ರೋಟಾನ್. ಮುಳ್ಳು ಗಕ್ಕನೆ ತಿರುಗಿ ಸುರುಳಿಯತ್ತಲೇ ನಿಂತುಬಿಟ್ಟಿತು. ವಿದ್ಯುತ್ ಪ್ರವಾಹ ತೀರಾ ಹೆಚ್ಚಾಗಿತ್ತು. ತೂಗುವ ಕ್ಷೇತ್ರ ಮುಖ್ಯ ಕ್ಷೇತ್ರಕ್ಕಿಂತ ಬಹಳ ಸಣ್ಣದಿರಬೇಕು ಎಂಬುದನ್ನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದವನು ನಾನೇ! ಪ್ರವಾಹ ತಗ್ಗಿಸುವ ಒಂದು ರೆಸಿಸ್ಟರ್ ಸೇರಿಸಿದ ಮೇಲೆ ಸರಿಹೋಯಿತು. ಅದರ ಬೆಲೆ ಎರಡು ರೂಪಾಯಿ. ಎಷ್ಟು ಓಮ್ ಎಂಬುದು ನನ್ನಲ್ಲೇ ಇರಲಿ.

ಇನ್ನೊಂದು ಪೆಟ್ಟು ಬಿದ್ದದ್ದು ದುಬಾರಿ ದಿಕ್ಸೂಚಿಯಿಂದ. ಒಳಗೆ ದ್ರವ ತುಂಬಿದ್ದರಿಂದ ಮುಳ್ಳು ಎರಡು ಬಾರಿ ಆಡುವಷ್ಟರಲ್ಲೇ ನಿಲ್ಲುತ್ತಿತ್ತು. ಎಸೆಯಲು ಮನಸ್ಸಾಗದೆ ಇಟ್ಟುಕೊಂಡೆ. ಗಟ್ಟಿ ಮೂಳೆ ಚಿತ್ರದಲ್ಲಿ ಏಕೆ ಕಪ್ಪಾಗಿ ಕಾಣುತ್ತದೆ, ಟಿ2, ಎಂದರೆ ಸಂಕೇತ ಆರಿಹೋಗಲು ಹಿಡಿಯುವ ಕಾಲ, ಗಿಡ್ಡವಾದರೆ ಏನಾಗುತ್ತದೆ ಎನ್ನುವಾಗ ಈಗ ಅದನ್ನೇ ತೋರಿಸುತ್ತೇನೆ.

ಪಾಠ ಹೀಗೆ. ಉಳಿದವರು ಚಪ್ಪಾಳೆ ತಟ್ಟುತ್ತಾರೆ, ಆ ತಾಳಕ್ಕೆ ಒಬ್ಬ ಸುರುಳಿಯ ಸ್ವಿಚ್ ಒತ್ತುತ್ತಾನೆ. ತಾಳ ತಪ್ಪಿದರೆ ಮುಳ್ಳು ಬರಿದೆ ನಡುಗುತ್ತದೆ. ಮುಳ್ಳಿನ ಸಹಜ ಓಲಾಟಕ್ಕೆ ಕೂಡಿದರೆ ಎಂಟು ಹತ್ತು ಚಪ್ಪಾಳೆಗೆ ಅಗಲವಾಗಿ ಬೀಸತೊಡಗುತ್ತದೆ. ಮದ್ದಳೆ ಕಲಿತ ಹುಡುಗನೊಬ್ಬನಿಗೆ ಮೊದಲ ಸಲಕ್ಕೇ ಕೂಡಿತು. ನನಗೆ ನಾಲ್ಕು ದಿನ ಹಿಡಿದಿತ್ತು.

ಇಷ್ಟಕ್ಕೆ ನಿಂತಿದ್ದರೆ ಆ ವೈದ್ಯರು ಇನ್ನೂ ನಗುತ್ತಿದ್ದರು. ಮೂರು ದಿಕ್ಸೂಚಿಗಳನ್ನು ಆಯಸ್ಕಾಂತದಿಂದ ಬೇರೆ ಬೇರೆ ದೂರದಲ್ಲಿ ಸಾಲಾಗಿಟ್ಟು, ಪ್ರತಿಯೊಂದಕ್ಕೂ ಸುರುಳಿ ಕೊಟ್ಟು ಸರಣಿಯಲ್ಲಿ ಬೆಸೆದೆ. ಹತ್ತಿರದ್ದು ಸೆಕೆಂಡಿಗೆ ಎರಡೂವರೆ ಸಲ ಆಡಿದರೆ ಎರಡನೆಯದು ಒಂದೂವರೆ, ದೂರದ್ದು ಇನ್ನೂ ನಿಧಾನ. ತಾಳ ದ್ರುತವಾದರೆ ಹತ್ತಿರದ್ದು ಮಾತ್ರ ಎಚ್ಚರ, ವಿಳಂಬವಾದರೆ ದೂರದ್ದು. ಹಿಂದಿನ ಬೆಂಚಿನ ಹುಡುಗಿ, "ಸರ್, ಇದೇ ಅಲ್ಲವೇ ಗ್ರೇಡಿಯೆಂಟ್?" ಎಂದಳು. ಹೌದು, ಜಾಗದಿಂದ ಜಾಗಕ್ಕೆ ಕ್ಷೇತ್ರದ ಬಲ ಬದಲಿಸುವುದೇ ಗ್ರೇಡಿಯೆಂಟ್; ಸ್ಲೈಸ್ ಸೆಲೆಕ್ಷನ್ ನಡೆಯುವುದೂ ಅದರಿಂದಲೇ. ದಿಕ್ಸೂಚಿಗಳ ನಡುವೆ ಒಂದು ಗೇಣಾದರೂ ಅಂತರವಿರಲಿ. ಮೊದಲು ಒತ್ತೊತ್ತಾಗಿಟ್ಟು ಮುಳ್ಳುಗಳು ಒಂದನ್ನೊಂದು ಹಿಡಿದುಕೊಂಡು ಒಂದು ಮಧ್ಯಾಹ್ನ ಹಾಳಾಯಿತು.

ಶೆಲ್ ಬಿಚ್ಚಿ ಅದೇ ಸುರುಳಿಗೆ ಸಣ್ಣ ವಿದ್ಯುತ್ ಪ್ರವಾಹವನ್ನೂ ತೋರಿಸುವ ಗ್ಯಾಲ್ವನೋಮೀಟರ್ ಸಿಕ್ಕಿಸಿದರೆ, ಬೀಸುವ ಮುಳ್ಳಿನೊಡನೆ ಅದರ ಸೂಚಿಯೂ ಆಡುತ್ತದೆ. 'ದೇಹದಿಂದ ರೇಡಿಯೋ ತರಂಗ ಹೊರಟು ಆಂಟೆನಾ ತಲುಪುತ್ತದೆ' ಎಂಬ ಮಕ್ಕಳ ಉತ್ತರ ಅಲ್ಲಿಗೆ ಮುಗಿಯಿತು. 64 ಮೆಗಾಹರ್ಟ್ಸ್‌ಗೆ ಗಾಳಿಯಲ್ಲಿ ತರಂಗದ ಉದ್ದ ನಾಲ್ಕೂಮುಕ್ಕಾಲು ಮೀಟರ್ ಹತ್ತಿರ. ಸಂಕೇತ ಹಿಡಿಯುವ ಸುರುಳಿ, ಎಂದರೆ ಕಾಯಿಲ್ ಇರುವುದು ರೋಗಿಯ ಮೈಗೆ ತಾಗಿಕೊಂಡು. ಅಲ್ಲಿ ನಡೆಯುವುದು ಬಹುಮಟ್ಟಿಗೆ ಫ್ಯಾರಡೆಯ ಪ್ರೇರಣೆಯೇ: ಬದಲಾಗುವ ಕಾಂತಕ್ಷೇತ್ರ ಪಕ್ಕದ ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುವುದು.

ಮುಳ್ಳಿಗೆ ಸ್ಪಿನ್ ಇಲ್ಲ, ನಿಜ. ಅದು ತೂಗಾಡುತ್ತದೆ, ಪ್ರೋಟಾನಿನಂತೆ ಬುಗುರಿಯಾಗಿ ಸುತ್ತುವುದಿಲ್ಲ. ಅದರ ವೇಗ ಇಮ್ಮಡಿಯಾಗಲು ಕ್ಷೇತ್ರ ನಾಲ್ಕು ಮಡಿ ಬೇಕು. ಪ್ರೋಟಾನಿಗೆ ಎರಡು ಮಡಿ ಸಾಕು. ಎರಡನೇ ದಿನ ಇದನ್ನು ಹೇಳಿ ಸೈಕಲ್ ಚಕ್ರವನ್ನು ಮತ್ತೆ ಹೊರಗೆ ತೆಗೆಯುತ್ತೇನೆ. ಸಾವಿರದ ಎಂಟುನೂರಕ್ಕೆ ಅಷ್ಟಾದರೂ ಬೇಡವೇ?

ನಡುವೆ ಒಂದು ಹುಚ್ಚೂ ಹಿಡಿಯಿತು. ನಮ್ಮೂರಲ್ಲಿ ಭೂಮಿಯ ಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಅದರಲ್ಲಿ ನೀರಿನ ಪ್ರೋಟಾನುಗಳ ಶ್ರುತಿ 1,700 ಹರ್ಟ್ಸ್ ಆಸುಪಾಸು, ಕಿವಿಗೆ ಕೇಳುವಂಥದ್ದು. ಅರ್ಧ ಲೀಟರ್ ನೀರಿನ ಬಾಟಲಿಗೆ ತಂತಿ ಸುತ್ತಿ, ಬ್ಯಾಟರಿ ಹೊತ್ತು ತೋಟಕ್ಕೆ ಹೋದೆ. ಕೇಳಿಸಿದ್ದು ಕರೆಂಟಿನ ಗುಂಯ್‌ಗುಟ್ಟುವಿಕೆ ಮಾತ್ರ. 1,700 ಎಂದರೆ ಕರೆಂಟಿನ ಐವತ್ತು ಹರ್ಟ್ಸ್‌ನ ಮೂವತ್ತನಾಲ್ಕು ಮಡಿಯೇ ತಾನೇ. ಕರೆಂಟ್ ಲೈನಿನಿಂದ ದೂರವಾಗಲೆಂದು ಗುಡ್ಡದ ಮೇಲಿನ ಬಯಲಿಗೆ ಹೋದರೆ ಕಾಲಡಿಯಲ್ಲಿ ಕಬ್ಬಿಣದ ಅಂಶ ತುಂಬಿದ ಮುರಕಲ್ಲು; ಅದು ಭೂಮಿಯ ಕ್ಷೇತ್ರವನ್ನೇ ಕೆಡಿಸುತ್ತದೆ. ಮಳೆ ನಿಂತ ಮೇಲೆ ಎತ್ತರದ ಮರದ ಸ್ಟೂಲಿನೊಡನೆ ಮತ್ತೊಮ್ಮೆ ಹೋಗುವವನಿದ್ದೇನೆ. ಸ್ಟೂಲಿಗೆ ಮೊಳೆ ಹೊಡೆಯಬೇಡ ಎಂದು ಆಚಾರಿಗೆ ಹೇಳಿಟ್ಟಿದ್ದೇನೆ.