ಹಾಕಿದ ಶಕ್ತಿ, ಪಡೆದ ಶಕ್ತಿ: ಲೆಕ್ಕ ನೋಡುವುದು ಹೇಗೆ?

ಉತ್ತರ ಕನ್ನಡದಲ್ಲಿ ಶಕ್ತಿ ಉತ್ಪಾದನೆಯ ಬಗೆಗಳು ಹಲವು. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣು ಘಟಕಗಳಿವೆ. ಶಿರಸಿ ಸೀಮೆಯ ತೋಟಿಗರ ಮನೆಗಳಲ್ಲಿ ಗೋಬರ್ ಗ್ಯಾಸ್ ಗುಂಡಿಗಳೂ ಚಾವಣಿಯ ಸೌರ ಫಲಕಗಳೂ ಇವೆ. ಇವುಗಳ ಸುಸ್ಥಿರತೆಯನ್ನು ಅಳೆಯಲು, ಒಂದು ವ್ಯವಸ್ಥೆ ತನ್ನ ಆಯುಷ್ಯದಲ್ಲಿ ಕೊಡುವ ಒಟ್ಟು ಶಕ್ತಿಯನ್ನು, ಅದನ್ನು ಕಟ್ಟಿ ನಡೆಸಿ ಕೊನೆಗೆ ಕಳಚಲು ತಗಲುವ ಒಟ್ಟು ಶಕ್ತಿಯಿಂದ ಭಾಗಿಸಬೇಕು.

ಮೊದಲು ಲೆಕ್ಕದ ಎಲ್ಲೆಯನ್ನು ಗುರುತಿಸಿಕೊಳ್ಳಿ. ಹೆಚ್ಚಿನ ಲೆಕ್ಕಗಳು ತಪ್ಪುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಕೈಗಾದ ಲೆಕ್ಕವನ್ನು ಸ್ಥಾವರದ ಗೇಟಿನಲ್ಲಿ ನಿಲ್ಲಿಸಿದರೆ ಯುರೇನಿಯಂ ಗಣಿಗಾರಿಕೆ, ಹೈದರಾಬಾದಿನಲ್ಲಿ ನಡೆಯುವ ಇಂಧನ ತಯಾರಿಕೆ, ಅಣು ಘಟಕದಲ್ಲಿ ಬಳಸುವ ವಿಶೇಷ ನೀರಾದ ಭಾರಜಲದ ಅಪಾರ ಶಕ್ತಿ ಬೇಡುವ ಉತ್ಪಾದನೆ, ಮುಂದೆ ತ್ಯಾಜ್ಯವನ್ನು ಕಾಯುವ ಹೊಣೆ ಎಲ್ಲವೂ ಹೊರಗುಳಿಯುತ್ತವೆ. ಒಂದಕ್ಕೆ ಗಣಿಯಿಂದ, ಇನ್ನೊಂದಕ್ಕೆ ಗೇಟಿನಿಂದ ಲೆಕ್ಕ ಹಿಡಿದು ಹೋಲಿಸುವುದು ನ್ಯಾಯವಲ್ಲ.

ಎರಡನೆಯದಾಗಿ ಶಕ್ತಿಯ ವೆಚ್ಚವನ್ನು ಪಟ್ಟಿ ಮಾಡಿ. ಇಂಧನದೊಳಗಿರುವ ಶಕ್ತಿಯನ್ನು ಇದರಲ್ಲಿ ಸೇರಿಸಬಾರದು. ಅದನ್ನು ದೊರಕಿಸಿಕೊಳ್ಳಲು ತಗಲಿದ್ದನ್ನು ಮಾತ್ರ ಸೇರಿಸಬೇಕು. ಬಿಸಿಲಿಗೂ ಹೊಳೆಯ ನೀರಿಗೂ ಸಗಣಿಗೂ ಇದೇ ನಿಯಮ. ಸುಮಾರು 25 ಕಿಲೋ ಸಗಣಿಯಿಂದ ಒಂದು ಘನ ಮೀಟರ್ ಅನಿಲ ದೊರೆಯುತ್ತದೆ. ಕೊಟ್ಟಿಗೆಯ ಪಕ್ಕದಲ್ಲೇ ಗುಂಡಿಯಿದ್ದರೆ ಇಟ್ಟಿಗೆ, ಸಿಮೆಂಟುಗಳದ್ದೇ ಮುಖ್ಯ ವೆಚ್ಚ. ಗುಂಡಿಯಲ್ಲಿ ಕೊನೆಗೆ ಉಳಿಯುವ ಬಗ್ಗಡ ಗೊಬ್ಬರವಾಗಿ ತೋಟಕ್ಕೆ ಮರಳುವುದರಿಂದ ಅದನ್ನೂ ಗಳಿಕೆಯ ಕಡೆ ಬರೆದುಕೊಳ್ಳಬೇಕು.

ಬಳಿಕ ಭಾಗಾಕಾರ. ಒಂದು ಕಿಲೋವಾಟ್ ಸೌರ ಫಲಕದ ತಯಾರಿಕೆಗೂ ಅಳವಡಿಕೆಗೂ 2,000 ಯೂನಿಟ್ ತಗಲಿತು, ವರ್ಷಕ್ಕೆ 1,200 ಯೂನಿಟ್ ಬರುತ್ತದೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಹಾಕಿದ ಶಕ್ತಿ 20 ತಿಂಗಳಲ್ಲಿ ಹಿಂದಿರುಗುತ್ತದೆ. ಫಲಕದ ಕ್ಷಮತೆ ವರ್ಷಕ್ಕೆ ಅರ್ಧ ಶೇಕಡಾ ಕುಗ್ಗುತ್ತದೆಂದು ಹಿಡಿದರೂ 25 ವರ್ಷಗಳಲ್ಲಿ ಸುಮಾರು 28,000 ಯೂನಿಟ್ ಸಿಗುತ್ತದೆ, ಅನುಪಾತ 14. ಇದೇ ಮನೆಗೆ ಬ್ಯಾಟರಿ ಜೋಡಿಸಿ, ಅದನ್ನು ಆಗಾಗ ಬದಲಿಸುವುದಕ್ಕೆ ಒಟ್ಟು 1,500 ಯೂನಿಟ್ ಸೇರಿಸಿದರೆ ಅನುಪಾತ 8ಕ್ಕೆ ಇಳಿಯುತ್ತದೆ.

ಜಲವಿದ್ಯುತ್ತಿನ ಅನುಪಾತ ಸಾಮಾನ್ಯವಾಗಿ ಎತ್ತರದಲ್ಲಿರುತ್ತದೆ, ಏಕೆಂದರೆ ಒಮ್ಮೆ ಸುರಿದ ಕಾಂಕ್ರೀಟು ದಶಕಗಳ ಕಾಲ ದುಡಿಯುತ್ತದೆ. ಆದರೆ ಸೂಪಾ ಜಲಾಶಯದಲ್ಲಿ ಸೂಪಾ ಊರೇ ಮುಳುಗಿತು. ಕಾಡೂ ಗದ್ದೆಯೂ ಹೋದವು. ಭಾಗಾಕಾರದಲ್ಲಿ ಇವಕ್ಕೆ ಸ್ಥಾನವಿಲ್ಲ. ಆದ್ದರಿಂದ ಅನುಪಾತದ ಪಕ್ಕದಲ್ಲಿಯೇ ನೆಲ, ನೀರು ಮತ್ತು ನೆಲೆ ಕಳೆದುಕೊಂಡವರ ವಿವರವನ್ನು ಪ್ರತ್ಯೇಕವಾಗಿ ಬರೆಯಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಕೊನೆಗೆ ತಿಂಗಳುವಾರು ಲೆಕ್ಕವನ್ನೂ ತೆಗೆಯಿರಿ. ಜೂನ್‌ನಿಂದ ಆಗಸ್ಟ್‌ವರೆಗೆ ಕರಾವಳಿಯಲ್ಲಿ ಮೋಡ ಕವಿದು ಫಲಕದ ಗಳಿಕೆ ಕುಸಿಯುತ್ತದೆ, ಅದೇ ವೇಳೆ ಕಾಳಿಯಲ್ಲಿ ನೀರು ತುಂಬುತ್ತದೆ. ವರ್ಷದ ಸರಾಸರಿಯೊಂದನ್ನೇ ನೋಡಿದವರಿಗೆ ಈ ಎರಡೂ ಒಂದಕ್ಕೊಂದು ಪೂರಕವೆಂಬುದು ಕಾಣುವುದಿಲ್ಲ.