ಕ್ರಿಪ್ಟೊ ಖಾತೆ: ಫೋನ್ ಬದಲಿಸುವ ಮುಂಚೆ ಈ ಚೀಟಿ ಬರೆದಿಡಿ

ಹೋದ ವರ್ಷ ನಮ್ಮ ಚಿಕ್ಕಪ್ಪನ ಮಗ ಹೊಸ ಫೋನ್ ತಗೊಂಡ. ಹಳೆಯದರಲ್ಲಿದ್ದದ್ದನ್ನೆಲ್ಲ ಅಂಗಡಿಯಲ್ಲೇ ಅಳಿಸಿ, ಅಲ್ಲೇ ಕೊಟ್ಟು ಬಂದ. ರಾತ್ರಿ ಕ್ರಿಪ್ಟೊ ಆ್ಯಪ್ ತೆರೆದರೆ ಅದು ಆರು ಅಂಕಿ ಕೇಳಿತು. ಆ ಅಂಕಿ ತೋರಿಸುತ್ತಿದ್ದ ಆಥೆಂಟಿಕೇಟರ್ ಹಳೆಯ ಫೋನ್ ಜೊತೆಗೇ ಹೋಗಿತ್ತು. ಪಾಸ್‌ವರ್ಡ್ ನೆನಪಿದೆ, ಇಮೇಲ್ ಇದೆ, ಸಿಮ್ ಇದೆ, ಆದರೂ ಒಳಗೆ ಹೋಗಲು ದಾರಿಯಿಲ್ಲ. ಪ್ಯಾನ್ ಕಾರ್ಡ್ ಹಿಡಿದು ವಿಡಿಯೊ ಮಾಡಿ ಕಳಿಸಿ, ಮೇಲ್ ಮೇಲೆ ಮೇಲ್ ಬರೆದು, ಖಾತೆ ಕೈಗೆ ಬರುವಷ್ಟರಲ್ಲಿ ಮೂರು ವಾರ ಕಳೆದಿತ್ತು. ಕಳ್ಳರ ಕೈಗೆ ಹಣ ಕೊಟ್ಟವರಿಗಿಂತ, ಹೀಗೆ ತಮ್ಮ ಬಾಗಿಲಿಗೆ ತಾವೇ ಬೀಗ ಹಾಕಿಕೊಂಡು ಹೊರಗೆ ನಿಂತವರೇ ನನ್ನ ಪರಿಚಯದಲ್ಲಿ ಜಾಸ್ತಿ.

ಕ್ರಿಪ್ಟೊ ಕೊಳ್ಳಬೇಕೋ ಬೇಡವೋ ನಿಮಗೆ ಬಿಟ್ಟದ್ದು. ಕೊಳ್ಳುವವರು ಖಾತೆಯನ್ನು ಹೇಗೆ ಇಟ್ಟುಕೊಳ್ಳಬೇಕು ಅನ್ನುವುದಷ್ಟೇ ಇಲ್ಲಿದೆ.

ಹೆಜ್ಜೆ 1: ಎಲ್ಲಿ ತೆರೆಯುವುದು

ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕ, ಅಂದರೆ ಎಫ್‌ಐಯು-ಇಂಡಿಯಾದಲ್ಲಿ ನೋಂದಣಿ ಆಗಿರುವ ಎಕ್ಸ್‌ಚೇಂಜ್ (ಕ್ರಿಪ್ಟೊ ಕೊಂಡು ಮಾರುವ ಆ್ಯಪ್ ನಡೆಸುವ ಕಂಪನಿ) ಮಾತ್ರ ಆರಿಸಿ. 2023ರ ಮಾರ್ಚ್‌ನಲ್ಲಿ ಕ್ರಿಪ್ಟೊ ವ್ಯವಹಾರವನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ತಂದ ಮೇಲೆ ಈ ನೋಂದಣಿ ಕಡ್ಡಾಯ. ಅದೇ ವರ್ಷದ ಡಿಸೆಂಬರ್‌ನಲ್ಲಿ ನೋಂದಣಿ ಇಲ್ಲದ ಒಂಬತ್ತು ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ಈ ಘಟಕ ನೋಟಿಸ್ ಕೊಟ್ಟಿತ್ತು.

ನೋಂದಣಿ ಇದ್ದ ಮಾತ್ರಕ್ಕೆ ನಿಮ್ಮ ಹಣಕ್ಕೆ ಯಾರೂ ಜಾಮೀನು ನಿಲ್ಲುವುದಿಲ್ಲ. 2024ರ ಜುಲೈ 18ರಂದು ವಜೀರ್‌ಎಕ್ಸ್ ಅನ್ನುವ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೊ ಕಳುವಾಯಿತು. ಅಲ್ಲಿ ಕ್ರಿಪ್ಟೊ ಇಟ್ಟಿದ್ದವರು ಒಂದು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಬ್ಯಾಂಕ್ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಇಲ್ಲಿ ಅಂಥದ್ದೇನೂ ಇಲ್ಲ. ಹಾಗಾಗಿ ದೊಡ್ಡ ಮೊತ್ತವನ್ನು ಎಕ್ಸ್‌ಚೇಂಜ್‌ನಲ್ಲೇ ವರ್ಷಗಟ್ಟಲೆ ಬಿಡಬೇಡಿ.

ಹೆಜ್ಜೆ 2: ಬೇರೆ ಇಮೇಲ್, ಬೇರೆ ಪಾಸ್‌ವರ್ಡ್

ಈ ಖಾತೆಗೆಂದೇ ಒಂದು ಹೊಸ ಇಮೇಲ್ ತೆರೆಯಿರಿ, ಅದನ್ನು ಇನ್ನೆಲ್ಲೂ ಕೊಡಬೇಡಿ. ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಇಡಿ.

ಹೆಜ್ಜೆ 3: ಆಥೆಂಟಿಕೇಟರ್ ಮತ್ತು ಚೀಟಿ

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಎಸ್‌ಎಂಎಸ್ ಓಟಿಪಿ ಒಂದನ್ನೇ ನಂಬಬೇಡಿ. ನಿಮ್ಮ ಹೆಸರಲ್ಲಿ ಯಾರಾದರೂ ನಕಲಿ ಸಿಮ್ ತೆಗೆಸಿಕೊಂಡರೆ ಓಟಿಪಿ ಅವರಿಗೇ ಹೋಗುತ್ತದೆ. ಬದಲಿಗೆ ಆಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ. ಅದು 30 ಸೆಕೆಂಡಿಗೊಮ್ಮೆ ಹೊಸ ಆರು ಅಂಕಿ ತೋರಿಸುತ್ತದೆ, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ.

ಎಕ್ಸ್‌ಚೇಂಜ್‌ನ ಸೆಕ್ಯುರಿಟಿ ಪುಟದಲ್ಲಿ ಇದನ್ನು ಆನ್ ಮಾಡಿದಾಗ ಒಂದು ಕ್ಯೂಆರ್ ಕೋಡ್ ಬರುತ್ತದೆ. ಅದರ ಕೆಳಗೆ ಸಣ್ಣದಾಗಿ, ಅಕ್ಷರ ಮತ್ತು ಅಂಕಿ ಬೆರೆತ ಉದ್ದನೆಯ ಸಾಲೊಂದು ಇರುತ್ತದೆ. ಎಲ್ಲರೂ ಕೋಡ್ ಸ್ಕ್ಯಾನ್ ಮಾಡಿ ಸೀದಾ ಮುಂದಕ್ಕೆ ಹೋಗುತ್ತಾರೆ. ನಿಲ್ಲಿ. ಆ ಸಾಲೇ ಕೀಲಿ: ಫೋನ್ ಹೋದರೂ ಅದನ್ನು ಹೊಸ ಫೋನಿನ ಆಥೆಂಟಿಕೇಟರ್‌ನಲ್ಲಿ ಟೈಪ್ ಮಾಡಿದರೆ ಅದೇ ಆರು ಅಂಕಿ ಮತ್ತೆ ಬರುತ್ತದೆ. ಸಾಮಾನ್ಯವಾಗಿ ಅದನ್ನು ಒಂದೇ ಸಲ ತೋರಿಸುವುದು.

ಪೆನ್ನು ತಗೊಂಡು ದಪ್ಪ ಕಾಗದದ ಮೇಲೆ, ದೊಡ್ಡ ಅಕ್ಷರದಲ್ಲಿ, ನಾಲ್ಕು ನಾಲ್ಕರ ಗುಂಪು ಮಾಡಿ ಬರೆಯಿರಿ. ಒಂದು ವಿಷಯ ಗೊತ್ತಿರಲಿ: ಈ ಸಾಲಿನಲ್ಲಿ ಇಂಗ್ಲಿಷ್ ಅಕ್ಷರಗಳು ಮತ್ತು 2ರಿಂದ 7ರವರೆಗಿನ ಅಂಕಿಗಳು ಮಾತ್ರ ಬರುತ್ತವೆ. 0, 1, 8, 9 ಬರುವುದೇ ಇಲ್ಲ. ಸೊನ್ನೆ ಥರ ಕಂಡರೆ ಅದು ‘ಓ’ ಅಕ್ಷರ, ಎಂಟರ ಥರ ಕಂಡರೆ ‘ಬಿ’. ನಮ್ಮ ಪಕ್ಕದ ಮನೆಯ ಅಕ್ಕ ‘ಓ’ ಇದ್ದಲ್ಲಿ ಸೊನ್ನೆ ಬರೆದು, ಒಳಗೆ ಅಡ್ಡಗೀಟು ಬೇರೆ ಎಳೆದಿದ್ದರು. ಅದು ಬೇಕಾದ ದಿನ ನಾವಿಬ್ಬರೂ ಒಂದು ಗಂಟೆ ಆ ಚೀಟಿ ಮುಂದೆ ಕೂತಿದ್ದೆವು.

ಬರೆದಾಯ್ತು ಅಂತ ಎದ್ದು ಹೋಗಬೇಡಿ. ಚೀಟಿ ಸರಿ ಇದೆಯಾ ಅಂತ ಈಗಲೇ ನೋಡಬೇಕು. ಮನೆಯವರ ಫೋನಿನಲ್ಲಿ ಅದೇ ಆಥೆಂಟಿಕೇಟರ್ ಆ್ಯಪ್ ಹಾಕಿ. ಕೋಡ್ ಸ್ಕ್ಯಾನ್ ಮಾಡದೆ, ಚೀಟಿ ನೋಡಿಕೊಂಡು ಕೈಯಿಂದ ಟೈಪ್ ಮಾಡಿ. ಎರಡೂ ಫೋನ್ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಹೊತ್ತಿಗೆ ಒಂದೇ ಆರು ಅಂಕಿ ಬಂದರೆ ಚೀಟಿ ಸರಿ ಇದೆ. ಬರದಿದ್ದರೆ ಮೊದಲು ಎರಡೂ ಫೋನಿನ ಗಡಿಯಾರ ‘ಆಟೊಮ್ಯಾಟಿಕ್’ ಆಗಿದೆಯಾ ನೋಡಿ, ಆಮೇಲೆ ಒಂದೊಂದೇ ಅಕ್ಷರ ತಾಳೆ ಹಾಕಿ. ಸರಿಹೋದ ಮೇಲೆ ಮನೆಯವರ ಫೋನಿನಿಂದ ಅಳಿಸಿಬಿಡಿ.

ಸ್ಕ್ರೀನ್‌ಶಾಟ್ ಬೇಡವೇ ಬೇಡ. ಅದು ಗ್ಯಾಲರಿಯಿಂದ ಕ್ಲೌಡ್‌ಗೆ ಹೋಗುತ್ತದೆ. ಫೋಟೊ ನೋಡಲು ನೀವು ಅನುಮತಿ ಕೊಟ್ಟ ಆ್ಯಪ್‌ಗಳಿಗೂ ಸಿಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳುವುದೂ ಬೇಡ. ಗೂಗಲ್ ಆಥೆಂಟಿಕೇಟರ್‌ನಲ್ಲಿ 2023ರಿಂದ ಗೂಗಲ್ ಖಾತೆಗೆ ಸಿಂಕ್ ಮಾಡುವ ಸೌಲಭ್ಯ ಇದೆ. ಸುಲಭ ಅಂತ ಬಹಳ ಮಂದಿ ಬಳಸುತ್ತಾರೆ. ನಾನು ಮಾತ್ರ ಬೇಡ ಅಂತಲೇ ಹೇಳುತ್ತೇನೆ. ನಿಮ್ಮ ಜಿಮೇಲ್ ಯಾರ ಕೈಗಾದರೂ ಸಿಕ್ಕರೆ ಇಮೇಲ್ ಮತ್ತು ಆರು ಅಂಕಿ ಎರಡೂ ಒಟ್ಟಿಗೇ ಹೋಗುತ್ತವೆ, ಅಲ್ವಾ?

ಚೀಟಿಯ ಮೇಲೆ ಪಾಸ್‌ವರ್ಡ್ ಬರೆಯಬೇಡಿ. ಮನೆ ಪತ್ರ, ಎಲ್‌ಐಸಿ ಬಾಂಡ್ ಇಡುವ ಬೀರುವಿನಲ್ಲಿ ಒಂದು, ಅಮ್ಮನ ಮನೆಯಲ್ಲಿ ಇನ್ನೊಂದು ಪ್ರತಿ ಇರಲಿ.

ಚೀಟಿ ಬರೆಯದೆ ಆಗಲೇ ಆನ್ ಮಾಡಿದ್ದೀರಾ? ಹಳೆಯ ಫೋನ್ ಕೈಲಿರುವಾಗಲೇ ಅದನ್ನು ಆಫ್ ಮಾಡಿ, ಹೊಸದಾಗಿ ಆನ್ ಮಾಡಿ. ಹೊಸ ಸಾಲು ಬರುತ್ತದೆ. ಹೀಗೆ ಬದಲಿಸಿದ ಮೇಲೆ ಎಷ್ಟೋ ಎಕ್ಸ್‌ಚೇಂಜ್‌ಗಳು ಸ್ವಲ್ಪ ಹೊತ್ತು ವಿತ್‌ಡ್ರಾ ತಡೆದಿಡುತ್ತವೆ. ಗಾಬರಿ ಬೀಳಬೇಡಿ.

ಹೆಜ್ಜೆ 4: ವಿತ್‌ಡ್ರಾ ವೈಟ್‌ಲಿಸ್ಟ್

ಅದೇ ಸೆಕ್ಯುರಿಟಿ ಪುಟದಲ್ಲಿ ವೈಟ್‌ಲಿಸ್ಟ್ ಇದ್ದರೆ ಆನ್ ಮಾಡಿ. ನೀವು ಮೊದಲೇ ಸೇರಿಸಿದ ಅಡ್ರೆಸ್‌ಗಳಿಗೆ (ಕ್ರಿಪ್ಟೊ ತಲುಪಬೇಕಾದ ಕಡೆಯನ್ನು ಗುರುತಿಸುವ ಉದ್ದನೆಯ ಅಕ್ಷರ-ಅಂಕಿ ಸಾಲು) ಬಿಟ್ಟು ಬೇರೆಲ್ಲಿಗೂ ಕ್ರಿಪ್ಟೊ ಹೋಗದು.

ಹೆಜ್ಜೆ 5: ಹೊರಗೆ ಕಳಿಸುವಾಗ

ಸ್ವಂತ ವ್ಯಾಲೆಟ್‌ಗೋ (ಕ್ರಿಪ್ಟೊ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳುವ ಆ್ಯಪ್ ಅಥವಾ ಸಾಧನ) ಬೇರೆ ಎಕ್ಸ್‌ಚೇಂಜ್‌ಗೋ ಕಳಿಸುವಾಗ ಅಡ್ರೆಸ್ ಜೊತೆ ನೆಟ್‌ವರ್ಕ್, ಅಂದರೆ ಕ್ರಿಪ್ಟೊ ಸಾಗುವ ಬ್ಲಾಕ್‌ಚೈನ್ ಕೂಡ ಹೊಂದಬೇಕು. ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ ಅನ್ನುವ ಕ್ರಿಪ್ಟೊ ಒಂದನ್ನೇ ಹಲವು ನೆಟ್‌ವರ್ಕ್‌ಗಳಲ್ಲಿ ಕಳಿಸಬಹುದು. ಟ್ರಾನ್ ನೆಟ್‌ವರ್ಕ್‌ನ ಅಡ್ರೆಸ್ ಇಂಗ್ಲಿಷಿನ ‘ಟಿ’ಯಿಂದ ಶುರುವಾಗುತ್ತದೆ, ಅದನ್ನು ಗುರುತಿಸುವುದು ಸುಲಭ. ತೊಂದರೆ ಇರುವುದು ಎಥೀರಿಯಂ ಥರದವುಗಳಲ್ಲಿ. ಎಥೀರಿಯಂ, ಪಾಲಿಗಾನ್, ಬಿಎನ್‌ಬಿ ಚೈನ್ ಮೂರರ ಅಡ್ರೆಸ್ಸೂ ನೋಡಲು ಒಂದೇ ಥರ. ಶುಲ್ಕ ಕಡಿಮೆ ಅಂತ ಬೇರೆ ನೆಟ್‌ವರ್ಕ್ ಒತ್ತಿದರೆ ಆ್ಯಪ್ ತಡೆಯುವುದಿಲ್ಲ, ಹಣ ಮಾತ್ರ ಆ ಕಡೆ ಖಾತೆಗೆ ಜಮೆ ಆಗದೆ ಕೂರಬಹುದು. ಎಕ್ಸ್‌ಆರ್‌ಪಿ ಅನ್ನುವ ಕ್ರಿಪ್ಟೊವನ್ನು ಎಕ್ಸ್‌ಚೇಂಜ್‌ಗೆ ಕಳಿಸುವಾಗ ಅಡ್ರೆಸ್ ಜೊತೆ ‘ಟ್ಯಾಗ್’ ಅಂತ ಒಂದು ಸಂಖ್ಯೆ ಕೇಳಿದರೆ ಅದನ್ನೂ ಹಾಕಲೇಬೇಕು.

ಅಡ್ರೆಸ್ ಪೇಸ್ಟ್ ಮಾಡಿದ ಮೇಲೆ ಪೂರ್ತಿ ಓದಿ. ಕಾಪಿ ಮಾಡಿದ ಅಡ್ರೆಸ್ಸನ್ನು ಗೊತ್ತಾಗದಂತೆ ಬದಲಿಸುವ ವೈರಸ್‌ಗಳಿವೆ. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿದರೆ ಸಾಲದು, ಆ ತುದಿಗಳು ಹೊಂದುವಂಥ ಅಡ್ರೆಸ್ ತಯಾರಿಸಿ ಮೋಸ ಮಾಡುವವರಿದ್ದಾರೆ. ನಡುವಿನ ಆರೇಳು ಅಕ್ಷರವನ್ನೂ ತಾಳೆ ಹಾಕಿ. ಹಳೆಯ ವ್ಯವಹಾರಗಳ ಪಟ್ಟಿಯಿಂದ ಅಡ್ರೆಸ್ ಕಾಪಿ ಮಾಡಲೇಬೇಡಿ. ಮೊದಲು ಕಳಿಸಲು ಸಾಧ್ಯವಿರುವ ಅತಿ ಸಣ್ಣ ಮೊತ್ತ ಕಳಿಸಿ. ಅದು ತಲುಪಿದ್ದನ್ನು ಕಣ್ಣಾರೆ ನೋಡಿ, ಆಮೇಲೆ ಉಳಿದದ್ದು. ಶುಲ್ಕ ಎರಡು ಸಲ ಬೀಳುತ್ತದೆ, ಬೀಳಲಿ.

ಪಿ2ಪಿಯಲ್ಲಿ, ಅಂದರೆ ನೇರವಾಗಿ ವ್ಯಕ್ತಿಯಿಂದ ವ್ಯಕ್ತಿಗೆ, ಗುರುತಿಲ್ಲದವರಿಗೆ ಮಾರುವುದನ್ನು ಬಿಟ್ಟುಬಿಡಿ. ಅವರು ಕಳಿಸಿದ ಹಣ ಯಾವುದೋ ಸೈಬರ್ ವಂಚನೆಯದಾಗಿದ್ದರೆ ಪೊಲೀಸ್ ಸೂಚನೆ ಮೇಲೆ ನಿಮ್ಮ ಬ್ಯಾಂಕ್ ಖಾತೆಯೇ ಫ್ರೀಜ್ ಆಗಬಹುದು. ಸಂಬಳದ ಖಾತೆಯಾದರೆ ಮನೆ ಬಾಡಿಗೆಗೂ ಪರದಾಡಬೇಕು.

ಹೆಜ್ಜೆ 6: ಲೆಕ್ಕ

ಲಾಭದ ಮೇಲೆ ಶೇ 30 ತೆರಿಗೆ, ಮಾರುವಾಗ ಶೇ 1 ಟಿಡಿಎಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬರುವುದಿಲ್ಲ. ಮೂರು ತಿಂಗಳಿಗೊಮ್ಮೆ ವ್ಯವಹಾರದ ಪಟ್ಟಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಇಷ್ಟಾದರೂ ಹಣ ಹೋಯಿತು ಅನ್ನಿ. ತಕ್ಷಣ ಎಕ್ಸ್‌ಚೇಂಜ್‌ಗೆ ಹೇಳಿ ಖಾತೆ ಲಾಕ್ ಮಾಡಿಸಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವ್ಯವಹಾರದ ಹ್ಯಾಶ್ ಸಂಖ್ಯೆ (ಪ್ರತಿ ವ್ಯವಹಾರಕ್ಕೂ ಇರುವ ಗುರುತಿನ ಸಾಲು), ಹಣ ಹೋದ ಅಡ್ರೆಸ್, ಸಮಯ ಬರೆದಿಟ್ಟುಕೊಂಡಿರಿ. ಒಂದೆರಡು ದಿನದಲ್ಲಿ ‘ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಫೀಸ್ ಕಟ್ಟಿ’ ಅಂತ ಟೆಲಿಗ್ರಾಮ್‌ನಲ್ಲಿ ಯಾರಾದರೂ ಮೆಸೇಜ್ ಮಾಡಬಹುದು. ಉತ್ತರ ಕೊಡದೆ ಬ್ಲಾಕ್ ಮಾಡಿ, ಆ ನಂಬರನ್ನೂ ನಿಮ್ಮ ದೂರಿಗೆ ಸೇರಿಸಿ.