ಅಯ್ಯನವರಿಲ್ಲದ ಭಾನುವಾರಗಳು

ನಮ್ಮ ಲೂಥರನ್ ಸಭೆಯ, ಅಂದರೆ ಚರ್ಚಿನ, ಆರಾಧನಾ ಕ್ರಮದ ಪುಸ್ತಕದಲ್ಲಿ ನಾನು ಪೆನ್ಸಿಲಿನಿಂದ ತಿದ್ದಿಕೊಂಡಿರುವುದು ಎರಡೇ ಕಡೆ. ಪಾಪನಿವೇದನೆಯ ನಂತರ ಬರುವ ವಿಮೋಚನೆಯ, ಅಂದರೆ ಪಾಪಕ್ಷಮೆಯನ್ನು ಸಾರುವ, ಮಾತಿನಲ್ಲಿ ‘ನಿಮ್ಮ ಪಾಪಗಳನ್ನು’ ಎಂದಿರುವುದನ್ನು ‘ನಮ್ಮ ಪಾಪಗಳನ್ನು’ ಎಂದು ಮಾಡಿಕೊಂಡಿದ್ದೇನೆ. ಕೊನೆಯಲ್ಲಿ, ಬೈಬಲಿನ ಅರಣ್ಯಕಾಂಡದ 6ನೇ ಅಧ್ಯಾಯದಿಂದ ತೆಗೆದುಕೊಂಡ ಆಶೀರ್ವಾದದಲ್ಲಿ ‘ನಿಮ್ಮನ್ನು’ ಎಂಬುದನ್ನು ‘ನಮ್ಮನ್ನು’ ಎಂದು ಮಾಡಿಕೊಂಡಿದ್ದೇನೆ. ‘ನಿಮ್ಮ’ ಎಂದು ಸಾರುವುದು ದೀಕ್ಷೆ ಪಡೆದ ಸಭಾಪಾಲಕರ ಕೆಲಸ; ನಾನು ಸಭಾಪಾಲಕನಲ್ಲ, ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಸಭಾ ಹಿರಿಯ. ನಮ್ಮ ಸಭಾಪಾಲಕರಾದ ಅಯ್ಯನವರು ಬೇರೆ ಊರುಗಳ ಸಭೆಗಳನ್ನೂ ನೋಡಿಕೊಳ್ಳಬೇಕಾಗಿರುವುದರಿಂದ ಮೈಸೂರಿಗೆ ಬರುವುದು ತಿಂಗಳ ಮೊದಲ ಮತ್ತು ಮೂರನೆಯ ಭಾನುವಾರ ಮಾತ್ರ. ಉಳಿದ ಭಾನುವಾರಗಳ ಆರಾಧನೆಯನ್ನು ಹನ್ನೊಂದು ವರ್ಷಗಳಿಂದ ನಾನು ನಡೆಸಿಕೊಂಡು ಬಂದಿದ್ದೇನೆ.

ನಾವು ಇಪ್ಪತ್ತೆರಡು ಕುಟುಂಬಗಳು. ಬಹುಪಾಲು ಹಿರಿಯರು ಕೆ.ಜಿ.ಎಫ್. ಹಾಗೂ ಆಂಬೂರಿನ ಕಡೆಯಿಂದ ರೈಲ್ವೆ ವರ್ಕ್‌ಶಾಪಿನ ಕೆಲಸಕ್ಕಾಗಿ ಬಂದ ತಮಿಳರು. ಅವರ ಮೊಮ್ಮಕ್ಕಳಿಗೆ ತಮಿಳು ಮನೆಯಲ್ಲಿ ಬೈಯಿಸಿಕೊಳ್ಳುವ ಭಾಷೆಯಾಗಿ ಮಾತ್ರ ಉಳಿದದ್ದರಿಂದ ಆರಾಧನೆ ಕ್ರಮೇಣ ಕನ್ನಡಕ್ಕೆ ಬಂತು. ಹಿರಿಯರು ಕೆಲಕಾಲ ಮುನಿಸಿಕೊಂಡರು. ಆದರೆ ಇದರಲ್ಲಿ ಲೂಥರನ್ನರಿಗೆ ಹೊಸದೇನೂ ಇಲ್ಲ: ನಮ್ಮ ಪಂಥದ ಮೂಲಪುರುಷ ಮಾರ್ಟಿನ್ ಲೂಥರರು ಬೈಬಲಿನ ಹೊಸ ಒಡಂಬಡಿಕೆಯನ್ನು 1522ರಲ್ಲಿ ಜರ್ಮನ್ ಭಾಷೆಗೆ ತಂದದ್ದೂ, 1706ರಲ್ಲಿ ತಮಿಳು ಕರಾವಳಿಯ ತರಂಗಂಬಾಡಿಗೆ ಬಂದಿಳಿದ ಜರ್ಮನ್ ಮಿಷನರಿ ಜೀಗೆನ್‌ಬಾಲ್ಗ್ ಅದನ್ನು ತಮಿಳಿಗೆ ತಂದು ಅಲ್ಲಿಯೇ ಅಚ್ಚು ಹಾಕಿಸಿದ್ದೂ, ಕೇಳುವವನಿಗೆ ಅರ್ಥವಾಗದ ಮಾತಿನಿಂದ ನಂಬಿಕೆ ಹುಟ್ಟುವುದಿಲ್ಲವೆಂಬ ಕಾರಣಕ್ಕೇ. ‘ನೀವು ಸಿ.ಎಸ್.ಐ.ಯವರೋ ಆರ್.ಸಿ.ಯವರೋ (ರೋಮನ್ ಕ್ಯಾಥೊಲಿಕರೋ)’ ಎಂದು ಕೇಳುವವರಿಗೆ ನಾವು ಎರಡೂ ಅಲ್ಲವೆಂದು ತಿಳಿಸುವುದೇ ಇಲ್ಲಿ ಒಂದು ಕೆಲಸ. 1947ರಲ್ಲಿ ಹಲವು ಪ್ರೊಟೆಸ್ಟೆಂಟ್ ಸಭೆಗಳು ದಕ್ಷಿಣ ಭಾರತ ಸಭೆಯಾಗಿ (ಸಿ.ಎಸ್.ಐ.) ಒಂದುಗೂಡಿದಾಗ ತಮಿಳುನಾಡಿನ ಲೂಥರನ್ ಸಭೆಗಳು ಅದರಲ್ಲಿ ಸೇರಲಿಲ್ಲ ಎಂದರೆ ಪ್ರಶ್ನೆ ಅಲ್ಲಿಗೆ ನಿಲ್ಲುತ್ತದೆ. ಏಕೆ ಸೇರಲಿಲ್ಲ ಎಂದು ಮುಂದುವರಿದು ಕೇಳಿದವರು ಬಹಳ ಕಡಿಮೆ.

ಈ ಜವಾಬ್ದಾರಿಯನ್ನು ಒಪ್ಪಿಕೊಂಡಾಗ ಅಯ್ಯನವರು ನನಗೆ ಮೊದಲು ಓದಿಸಿದ್ದು ಲೂಥರನ್ನರ ನಂಬಿಕೆಯ ಮೂಲಪತ್ರವಾದ 1530ರ ಆಗ್ಸ್‌ಬರ್ಗ್ ವಿಶ್ವಾಸ ನಿವೇದನೆಯ 14ನೇ ವಿಧಿಯನ್ನು. ಕ್ರಮಬದ್ಧವಾಗಿ ಕರೆಯಲ್ಪಡದ ಯಾರೂ ಸಭೆಯಲ್ಲಿ ಬಹಿರಂಗವಾಗಿ ಬೋಧಿಸಬಾರದು, ದೀಕ್ಷಾಸ್ನಾನ, ಕರ್ತನ ಭೋಜನದಂಥ ಸಂಸ್ಕಾರಗಳನ್ನು ನಡೆಸಬಾರದು ಎಂಬುದು ಅದರ ತಾತ್ಪರ್ಯ. ಹಾಗಾದರೆ ನನ್ನ ಪಾಲಿಗೆ ಉಳಿಯುವುದೇನು? ಪ್ರಾರ್ಥನೆ, ವಾಚನಗಳು, ವಿಶ್ವಾಸ ಪ್ರಮಾಣ, ಹಾಡು, ಮತ್ತು ಅಯ್ಯನವರು ಬರೆದು ಕಳುಹಿಸಿದ ಪ್ರಸಂಗವನ್ನು, ಅಂದರೆ ಉಪದೇಶವನ್ನು, ಅವರ ಹೆಸರು ಹೇಳಿ ಓದುವುದು. ಸ್ವಂತವಾಗಿ ಪ್ರಸಂಗ ಮಾಡಲಾರದ ಪಾದ್ರಿಗಳು ಓದಿ ಹೇಳಲೆಂದು ಲೂಥರರೇ ಪ್ರಸಂಗಗಳ ಸಂಪುಟಗಳನ್ನು ಸಿದ್ಧಪಡಿಸಿದ್ದರೆಂದು ತಿಳಿದ ಮೇಲೆ ನನ್ನ ಸಂಕೋಚ ಅರ್ಧ ಕಡಿಮೆಯಾಯಿತು.

ಆದರೂ ಆರಂಭದಲ್ಲಿ ಒಂದು ತಪ್ಪು ಮಾಡಿದೆ. ಅಯ್ಯನವರ ಬರಹ ಕೇವಲ ಹನ್ನೆರಡು ನಿಮಿಷಕ್ಕೆ ಮುಗಿದುಹೋಗುತ್ತದೆಯಲ್ಲ ಎಂದು, ಕೊನೆಯಲ್ಲಿ ನನ್ನದೂ ನಾಲ್ಕು ಮಾತು ಸೇರಿಸಿದೆ: ಕುಡಿತ ಬಿಡಬೇಕು, ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಕರೆತರಬೇಕು, ಕಾಣಿಕೆಯಲ್ಲಿ ಕೈ ಬಿಗಿ ಹಿಡಿಯಬಾರದು. ಜನ ತಲೆಯಾಡಿಸಿದ್ದನ್ನು ಕಂಡು ಹಿಗ್ಗಿದೆ. ಮುಂದಿನ ವಾರ ವಿಷಯ ತಿಳಿದ ಅಯ್ಯನವರು ಗದರಲಿಲ್ಲ. ‘ನೀವು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ನಾನು ಸುವಾರ್ತೆಯಿಂದ ಮುಗಿಸಿದ್ದನ್ನು ನೀವು ಮತ್ತೆ ಆಜ್ಞೆಯಿಂದ ಮುಗಿಸಿದಿರಿ. ಜನ ಕ್ಷಮೆಯನ್ನು ಬಾಗಿಲಲ್ಲೇ ಬಿಟ್ಟು, ಲೆಕ್ಕವನ್ನು ಮಾತ್ರ ಹೊತ್ತುಕೊಂಡು ಮನೆಗೆ ಹೋದರು’ ಎಂದರು. ದೇವರ ಆಜ್ಞೆ ನಮ್ಮನ್ನು ದೋಷಿಗಳೆಂದು ತೋರಿಸುತ್ತದೆ, ಸುವಾರ್ತೆ ಕ್ರಿಸ್ತನ ನಿಮಿತ್ತ ಬಿಡುಗಡೆ ಕೊಡುತ್ತದೆ, ಇವೆರಡನ್ನು ಬೆರೆಸಬಾರದು ಎಂಬ ಪಾಠವನ್ನು ದೃಢೀಕರಣದ ತರಗತಿಯಲ್ಲಿ ನಾನೂ ಬಾಯಿಪಾಠ ಮಾಡಿದ್ದೆ. ಅಂದು ಅದು ತಲೆಗೆ ಇಳಿಯಿತು. ಅಂದಿನಿಂದ ಪ್ರಸಂಗವನ್ನು ಬರೆದಂತೆಯೇ ಓದುತ್ತೇನೆ. ಶನಿವಾರ ಸಂಜೆ ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿ, ಉಸಿರು ನಿಲ್ಲಿಸಬೇಕಾದ ಕಡೆ ಗುರುತು ಹಾಕಿಕೊಳ್ಳುವುದಷ್ಟೇ ನನ್ನ ಸ್ವಂತ ತಯಾರಿ.

ನಮ್ಮವರಿಗೆ ತಿಳಿಸಿ ಹೇಳಲು ಅತ್ಯಂತ ಕಷ್ಟವಾದದ್ದು ಆರಾಧನೆಯಲ್ಲಿ ಯಾರು ಯಾರಿಗೆ ಸೇವೆ ಮಾಡುತ್ತಾರೆ ಎಂಬುದು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿ ಹತ್ತುವವರನ್ನು ದಿನವೂ ನೋಡುವ ಊರಿದು. ಆ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ಹರಕೆಯ ಲೆಕ್ಕಾಚಾರ ನಮ್ಮ ಮನೆಗಳೊಳಗೂ ಬಂದಿದೆ. ಮಗಳಿಗೆ ಕೆಲಸ ಸಿಕ್ಕರೆ ಸಭೆಗೆ ಹೊಸ ಹಾರ್ಮೋನಿಯಂ ಕೊಡುತ್ತೇನೆಂದು ಒಬ್ಬ ತಾಯಿ ನನ್ನ ಬಳಿ ಬಂದಾಗ, ‘ಕೆಲಸ ಸಿಗದಿದ್ದರೆ?’ ಎಂದು ಕೇಳಿದೆ. ಆಕೆ ಉತ್ತರಿಸಲಿಲ್ಲ. ಭಾನುವಾರ ನಾವು ಇಲ್ಲಿಗೆ ಬರುವುದು ಮೊದಲು ದೇವರಿಗೆ ಏನನ್ನೋ ಸಲ್ಲಿಸಲಿಕ್ಕಲ್ಲ, ಆತನು ವಾಕ್ಯದಲ್ಲಿಯೂ ಸಂಸ್ಕಾರದಲ್ಲಿಯೂ ಕೊಡುವುದನ್ನು ಪಡೆಯಲಿಕ್ಕೆ. ನಮ್ಮ ಹಾಡು, ಕಾಣಿಕೆ, ಸ್ತೋತ್ರವೆಲ್ಲ ಪಡೆದ ಮೇಲಿನ ಮಾತು, ಎಂದು ವಿವರಿಸಿದೆ. ಸಂಪೂರ್ಣ ಒಪ್ಪಿಗೆಯಾಯಿತೆಂದು ಹೇಳಲಾರೆ. ಹಾರ್ಮೋನಿಯಂ ಮಾತ್ರ ಕೆಲಸ ಸಿಗುವುದಕ್ಕೆ ಮುಂಚೆಯೇ ಬಂತು.

ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಹಂಚಿಕೊಳ್ಳುವ ಕರ್ತನ ಭೋಜನ ಅಯ್ಯನವರಿರುವ ಭಾನುವಾರಕ್ಕೇ ಮೀಸಲು. ಅದರಲ್ಲಿ ಪಾಲುಗೊಳ್ಳುವವರು ಹಿಂದಿನ ದಿನವೇ ನನ್ನ ಬಳಿ ಹೆಸರು ಹೇಳುವ ಹಳೆಯ ಪದ್ಧತಿಯನ್ನು ನಾವು ಬಿಟ್ಟಿಲ್ಲ. ಮುನಿಸಿಕೊಂಡ ಅಣ್ಣತಮ್ಮಂದಿರು ಶನಿವಾರ ರಾತ್ರಿ ಮಾತಾಡಿಕೊಳ್ಳಲು ಇದೊಂದು ನೆಪವೂ ಆಗಿದೆ. ರೊಟ್ಟಿ ಮತ್ತು ದ್ರಾಕ್ಷಾರಸ ಬರಿಯ ನೆನಪಿನ ಗುರುತುಗಳೆಂದು ನಾವು ನಂಬುವುದಿಲ್ಲ, ಅವು ರೊಟ್ಟಿ ಮತ್ತು ದ್ರಾಕ್ಷಾರಸವಾಗಿ ಉಳಿಯುವುದೇ ಇಲ್ಲ ಎಂದೂ ನಂಬುವುದಿಲ್ಲ. ‘ಇದು ನನ್ನ ದೇಹ’ ಎಂಬ ಕ್ರಿಸ್ತನ ಮಾತಿನಂತೆ ಅವುಗಳಲ್ಲಿ, ಅವುಗಳೊಂದಿಗೆ, ಅವುಗಳ ಅಡಿಯಲ್ಲಿ ಆತನ ನಿಜವಾದ ದೇಹವನ್ನೂ ರಕ್ತವನ್ನೂ ಪಡೆಯುತ್ತೇವೆಂದು ನಂಬುತ್ತೇವೆ. ಬಂದವರನ್ನು ಎಣಿಸಿ ಅಪ್ಪಗಳನ್ನು ತಟ್ಟೆಯಲ್ಲಿಡುವುದು, ವೇದಿಕೆಯ ಬಟ್ಟೆಯನ್ನು ಕಾಲಕ್ಕೆ ತಕ್ಕಂತೆ ಬದಲಿಸುವುದು ನನ್ನ ಕೆಲಸ. ಉಪವಾಸ ಕಾಲಕ್ಕೆ ನೇರಳೆ, ಈಸ್ಟರಿಗೆ ಬಿಳಿ, ಪವಿತ್ರಾತ್ಮ ಇಳಿದುಬಂದ ನೆನಪಿನ ಪಂಚಾಶತ್ತಮಕ್ಕೆ ಕೆಂಪು. ಲೂಥರರ ಸುಧಾರಣೆ ಆರಂಭವಾದ 1517ರ ಅಕ್ಟೋಬರ್ 31ರ ನೆನಪಿನ ಸುಧಾರಣಾ ಹಬ್ಬಕ್ಕೂ ಕೆಂಪು; ದಸರಾ ಗದ್ದಲ ಮುಗಿದು ಊರು ಸುಸ್ತಾಗಿರುವ ದಿನಗಳಲ್ಲಿ ಅದು ಬರುತ್ತದೆ.

ಮಕ್ಕಳಿಗೆ ಲೂಥರರ 1529ರ ಚಿಕ್ಕ ಧರ್ಮಬೋಧೆಯನ್ನು ಕಲಿಸುವುದು ಸುಲಭ, ಏಕೆಂದರೆ ಪ್ರತಿ ಪಾಠದಲ್ಲಿಯೂ ‘ಇದರ ಅರ್ಥವೇನು?’ ಎಂಬ ಪ್ರಶ್ನೆಯನ್ನು ಪುಸ್ತಕವೇ ಕೇಳುತ್ತದೆ. ಗೊಂದಲವಾಗುವುದು ಆಜ್ಞೆಗಳ ಸಂಖ್ಯೆಯಲ್ಲಿ. ಸುಳ್ಳುಸಾಕ್ಷಿಯ ಆಜ್ಞೆ ನಮಗೆ ಎಂಟನೆಯದು, ಸಿ.ಎಸ್.ಐ. ಮಕ್ಕಳಿಗೆ ಒಂಬತ್ತನೆಯದು. ಶಾಲೆಯ ಸತ್ಯವೇದ ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡು ಅಳುತ್ತಾ ಬಂದ ಹುಡುಗಿಯೊಬ್ಬಳಿಗೆ, ಆಜ್ಞೆಗಳು ಹತ್ತೇ, ಎಣಿಸುವ ಕ್ರಮ ಮಾತ್ರ ಬೇರೆ ಎಂದು ಸಮಾಧಾನ ಹೇಳಬೇಕಾಯಿತು.

ಪೆನ್ಸಿಲಿನ ತಿದ್ದುಪಡಿಯನ್ನು ನಾನು ಮೀರಿದ್ದು ಒಮ್ಮೆ. ನಮ್ಮ ಸಭೆಯ ಅತ್ಯಂತ ಹಿರಿಯ ಅಮ್ಮ ಮನೆಯಲ್ಲಿ ಕೊನೆಯ ಹಾಸಿಗೆ ಹಿಡಿದಿದ್ದರು. ಬುಧವಾರ ರಾತ್ರಿ ಕರೆ ಬಂತು. ಅಯ್ಯನವರು ರೈಲಿನಲ್ಲಿದ್ದರು, ಫೋನ್ ಸಿಗಲಿಲ್ಲ. ನಾನು ಹೋಗಿ 23ನೇ ಕೀರ್ತನೆ ಓದಿ, ಕರ್ತನ ಪ್ರಾರ್ಥನೆ ಹೇಳಿ, ರೂಢಿಯಂತೆ ‘ದೇವರು ನಮ್ಮ ಪಾಪಗಳನ್ನು ಕ್ಷಮಿಸುತ್ತಾನೆ’ ಎಂದೆ. ಆಕೆ ಕಣ್ಣು ತೆರೆದು, ‘ಎಲ್ಲರಿಗೂ ಹೇಳಿದೆಯಲ್ಲ ತಂಬಿ. ನನಗೆ ಹೇಳಪ್ಪ’ ಎಂದರು. ನಾನು ಒಂದು ಕ್ಷಣ ಸುಮ್ಮನಿದ್ದೆ. ಬಳಿಕ ಅವರ ತಲೆಯ ಮೇಲೆ ಕೈಯಿಟ್ಟು, ‘ಅಮ್ಮಾ, ಯೇಸು ಕ್ರಿಸ್ತನ ನಿಮಿತ್ತ ನಿಮ್ಮ ಪಾಪಗಳೆಲ್ಲ ಕ್ಷಮಿಸಲ್ಪಟ್ಟಿವೆ’ ಎಂದೆ. ಆಕೆ ‘ಆಮೆನ್’ ಎಂದರು. ಬೆಳಗಿನ ಜಾವ ತೀರಿಕೊಂಡರು.

ಸಮಾಧಿಯ ದಿನ ಅಯ್ಯನವರಿಗೆ ಇದನ್ನು ತಿಳಿಸಿ, ನಾನು ಮೇರೆ ಮೀರಿದೆನೇ ಎಂದು ಕೇಳಿದೆ. ಅವರು, ಲೂಥರರ ಸಹೋದ್ಯೋಗಿ ಮೆಲಾಂಕ್ಟನ್ 1537ರಲ್ಲಿ ಬರೆದ ಪ್ರಬಂಧದಲ್ಲಿ, ತುರ್ತಿನಲ್ಲಿ ಸಾಮಾನ್ಯ ವಿಶ್ವಾಸಿಯೂ ಇನ್ನೊಬ್ಬನಿಗೆ ವಿಮೋಚನೆ ಹೇಳಿ ಆತನ ಪಾಲಕನಾಗುತ್ತಾನೆಂದು ಇರುವ ಸಾಲನ್ನು ತೋರಿಸಿದರು. ‘ನಿಮ್ಮ ಎಂದೇ ಹೇಳಿದಿರಿ ತಾನೆ?’ ಎಂದು ಕೇಳಿದರು. ಹೌದೆಂದೆ. ನಂತರದ ಭಾನುವಾರ ಅವರು ಬರುವ ದಿನವಾಗಿರಲಿಲ್ಲ. ಪುಸ್ತಕದಲ್ಲಿ ತಿದ್ದಿಕೊಂಡಿದ್ದಂತೆ ‘ನಮ್ಮ’ ಎಂದೇ ಓದಿದೆ.